ಅಘನಾಶಿನಿಯಲ್ಲಿ ಹುಟ್ಟು ಹಾಕುತ್ತ ಒಂದು ಹಗಲು

ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಡೀ ಹಗಲನ್ನು ದೋಣಿಯ ಮೇಲೆ ಕಳೆಯಬೇಕೆಂದಿದ್ದರೆ ರಜೆಯ ಪಟ್ಟಿಗಿಂತ ಮೊದಲು ಪಂಚಾಂಗದ ತಿಥಿಯನ್ನು ನೋಡಬೇಕು. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ನಸುಕಿಗೆ ನೀರು ಇಳಿದಿರುತ್ತದೆ, ಹನ್ನೊಂದು ಹನ್ನೆರಡರ ಸುಮಾರಿಗೆ ಉಬ್ಬರ ತುಂಬುತ್ತದೆ, ಸಂಜೆಯಾಗುವಾಗ ಮತ್ತೆ ಇಳಿದುಹೋಗುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಅಷ್ಟಮಿಯ ವೇಳೆಗೆ ಎಲ್ಲವೂ ತಿರುವುಮುರುವಾಗಿ, ಮಧ್ಯಾಹ್ನದ ಹೊತ್ತಿಗೇ ಕೆಸರು ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಉಬ್ಬರದ ಜೊತೆಗೆ ಮೇಲಕ್ಕೆ ಹೋಗಿ, ನೀರು ನಿಂತ ಹೊತ್ತಿನಲ್ಲಿ ಊಟ ಮಾಡಿ, ಇಳಿತದ ಜೊತೆಗೆ ಹೊರಟ ಜಾಗಕ್ಕೆ ಮರಳಬಯಸುವವರಿಗೆ ತಿಂಗಳಲ್ಲಿ ಹೊಂದುವ ದಿನಗಳು ಕೆಲವೇ. ಭಾನುವಾರ ಆ ದಿನಗಳಲ್ಲಿ ಬಂದರೆ ಬಂತು, ಇಲ್ಲವಾದರೆ ಕಚೇರಿಗೆ ರಜೆ ಬರೆದು ಹೋಗಬೇಕು.

ನಾವು ಹೋದದ್ದು ಪುಷ್ಯ ಶುದ್ಧ ಪಾಡ್ಯದಂದು, ಅಂದರೆ ಅಮಾವಾಸ್ಯೆಯ ಮರುದಿನ. ದೇವಿಮನೆ ಘಟ್ಟ ಇಳಿದು ಶಿರಸಿಯಿಂದ ಬಂದವರಿದ್ದರು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದ ದಂಪತಿ ಇದ್ದರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಕುಮಟಾದ ಹಿರಿಯರೊಬ್ಬರು ಮತ್ತು ಅವರ ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಇದ್ದರು. ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿಗಳನ್ನು ಒದಗಿಸಿದ ಊರಿನ ಇಬ್ಬರು ಯುವಕರು ದಾರಿ ತೋರಿಸಲು ಬಂದರೆ, ಅವರ ಸಂಬಂಧಿಕರೇ ಆದ, ಈ ನೀರಿನಲ್ಲಿ ಜೀವಮಾನವಿಡೀ ದೋಣಿ ನಡೆಸಿದ ಅಂಬಿಗರೊಬ್ಬರು ಊಟದ ಡಬ್ಬಿಗಳನ್ನೂ ಕುಡಿಯುವ ನೀರನ್ನೂ ತಮ್ಮ ಮರದ ದೋಣಿಯಲ್ಲಿ ಹಾಕಿಕೊಂಡು ನಮ್ಮ ಜೊತೆಗೇ ಹೊರಟರು. ಯುವಕರು ಅವರನ್ನು ಅಜ್ಜ ಎನ್ನುತ್ತಿದ್ದರು, ನಾವು ಅಣ್ಣ ಎಂದು ಕರೆದೆವು.

ನಾನು ಹುಟ್ಟಿ ಬೆಳೆದದ್ದು ಇದೇ ನದಿಯ ಮೇಲ್ಭಾಗದ ಸಿದ್ದಾಪುರ ಸೀಮೆಯಲ್ಲಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಒಂದು ಕವಲು ಮತ್ತು ಮಂಜುಗುಣಿಯ ಕಡೆಯಿಂದ ಬರುವ ಇನ್ನೊಂದು ಕವಲು ಕೂಡಿ ಬೆಳೆದ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ನಮಗೆ ಚಿಕ್ಕಂದಿನಲ್ಲಿ ಅಘನಾಶಿನಿ ಎಂದರೆ ಸದ್ದು: ಮಳೆಗಾಲದ ರಾತ್ರಿಗಳಲ್ಲಿ ದೂರದಿಂದ ಕೇಳಿಸುವ, ಕಣಿವೆಯೇ ಉಸಿರಾಡುತ್ತಿದೆ ಎನ್ನಿಸುವ ಸದ್ದು. ಅದೇ ನೀರು ಘಟ್ಟ ಇಳಿದ ಮೇಲೆ ಎಷ್ಟು ಸಮಾಧಾನದಿಂದ ಕಡಲಿಗೆ ಹೋಗುತ್ತದೆ ಎಂಬುದನ್ನು ನಾನು ಬಲ್ಲೆನೆಂದುಕೊಂಡಿದ್ದೆ. ಹೆದ್ದಾರಿಯ ಸೇತುವೆಯ ಮೇಲಿಂದ ಬಸ್ಸಿನ ಕಿಟಕಿಯಲ್ಲಿ ಎಷ್ಟೋ ಸಲ ನೋಡಿದ್ದೆನಲ್ಲ! ಆದರೆ ನೀರಿನ ಮಟ್ಟದಲ್ಲಿ ಕುಳಿತು, ಮೊಣಕೈಯ ಎತ್ತರಕ್ಕಷ್ಟೇ ದಡಗಳು ಕಾಣುವಾಗ ತಿಳಿಯುವ ನದಿಯೇ ಬೇರೆ.

ಹೆಗಡೆ ಊರಿನ ಕಡೆಯ ದಡದಿಂದ ಎಂಟೂವರೆಗೆ ಹೊರಟಾಗ ಚಳಿಗಾಲದ ಮಂಜು ನೀರಿನ ಮೇಲಿಂದ ಪೂರ್ತಿ ಎದ್ದಿರಲಿಲ್ಲ. ಉಬ್ಬರ ಏರುತ್ತಿತ್ತು. ಹರಿವು ಬಲವಾಗಿರಲಿಲ್ಲ, ಆದರೂ ಹುಟ್ಟು ಎತ್ತಿ ಸುಮ್ಮನೆ ಕುಳಿತರೂ ಕಯಾಕ್ ತಾನಾಗಿಯೇ ಘಟ್ಟದ ದಿಕ್ಕಿಗೆ, ಅಂದರೆ ನದಿ ಹರಿದುಬರುವ ದಿಕ್ಕಿಗೇ, ಮೆಲ್ಲಗೆ ಹೋಗುತ್ತಿತ್ತು. ಮೊದಲ ಸಲ ಬಂದವರಿಗೆ ಇದು ವಿಸ್ಮಯದ ಸಂಗತಿ. ಬೆಳಗಿನ ಹೊತ್ತು ಗಾಳಿ ಘಟ್ಟದಿಂದ ಕಡಲಿನ ಕಡೆಗೆ ಬೀಸುವುದರಿಂದ ಏರುವ ನೀರಿಗೆ ಅದು ಎದುರಾಗಿ, ನಡುಹೊಳೆಯಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತವೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರುವಾದಾಗ ನೀರು ಇಳಿಯತೊಡಗಿರುತ್ತದೆ. ಆಗಲೂ ಗಾಳಿ ಮತ್ತು ನೀರು ಎದುರುಬದುರೇ. ನೀರಿನ ಸಹಾಯ ಇದ್ದರೂ ಗಾಳಿಯನ್ನು ಎದುರಿಸಿಯೇ ಹೋಗಬೇಕಾದ ಈ ಏರ್ಪಾಡಿನಿಂದಾಗಿ ದಡಕ್ಕೆ ಹತ್ತಿರವಾಗಿ, ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮರೆಯಲ್ಲಿ ಸಾಗುವುದು ಇಲ್ಲಿಯವರ ರೂಢಿ. ನೋಡಬೇಕಾದದ್ದೆಲ್ಲ ದಡದಲ್ಲೇ ಇರುವುದರಿಂದ ಅದು ನಮಗೂ ಅನುಕೂಲವೇ ಆಯಿತು.

ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಬಲಕ್ಕೊಮ್ಮೆ, ಎಡಕ್ಕೊಮ್ಮೆ ಅದ್ದಿ ಎಳೆಯಬೇಕು. ಬರಿಯ ತೋಳಿನ ಬಲದಿಂದ ಎಳೆದರೆ ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ಸೊಂಟದಿಂದ ಮೇಲಿನ ಮೈಯನ್ನು ಸ್ವಲ್ಪ ತಿರುಗಿಸಿ, ಪಾದಗಳನ್ನು ಎದುರಿನ ಆನಿಕೆಗೆ ಒತ್ತಿ, ಬೆನ್ನಿನಿಂದ ಎಳೆದರೆ ದಿನವಿಡೀ ಹೋಗಬಹುದು. ಇಷ್ಟನ್ನು ಯುವಕರು ದಡದಲ್ಲಿಯೇ ಹೇಳಿಕೊಟ್ಟು, ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಒಬ್ಬೊಬ್ಬರದಾಗಿ ಎಳೆದು ನೋಡಿ, ಈಜು ಬಾರದವರನ್ನು ಬರುವವರ ಜೊತೆಗೆ ಇಬ್ಬರು ಕೂರುವ ಕಯಾಕಿನಲ್ಲಿ ಕೂರಿಸಿದರು. ಆಮೇಲೆ ಅವರು ಹೇಳಿದ ಒಂದು ನಿಯಮವೇ ಆ ದಿನದ ಎಲ್ಲ ಸೊಗಸಿಗೂ ಕಾರಣವೆಂದು ನಾನು ನಂಬಿದ್ದೇನೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವವರು ಎಲ್ಲರಿಗಿಂತ ಮುಂದೆ ಇರಬೇಕು. ಯಾರೂ ಅವರನ್ನು ದಾಟಿ ಹೋಗಬಾರದು.

ಹಾಗಾಗಿ ಮುಂದಿನ ಕಯಾಕ್ ನಿವೃತ್ತ ಹಿರಿಯರದೂ ಮೊಮ್ಮಗಳದೂ ಆಯಿತು. ಅವರು ಹಕ್ಕಿ ಕಂಡಲ್ಲಿ ನಿಲ್ಲುತ್ತಿದ್ದರು, ನಾವೂ ನಿಲ್ಲುತ್ತಿದ್ದೆವು. ಯಾರನ್ನೂ ಹಿಂದೆ ಹಾಕುವ ಅವಕಾಶವೇ ಇಲ್ಲದಿದ್ದಾಗ ಬಲಿಷ್ಠರಾದವರ ಮೈಯಲ್ಲಿನ ಅವಸರ ಹೇಗೆ ತಾನಾಗಿ ಇಳಿದುಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದೆ. ಬೆಂಗಳೂರಿನಿಂದ ಬಂದ ದಂಪತಿ ಮೊದಲ ಹೊತ್ತು ಹುಟ್ಟನ್ನು ಜೋರಾಗಿ ಎಳೆದು, ಮತ್ತೆ ಮತ್ತೆ ತಡೆದು ನಿಲ್ಲುತ್ತಿದ್ದರು. ಐಗಳಕುರ್ವೆ ಕಾಣಿಸುವ ಹೊತ್ತಿಗೆ ಅವರ ಹುಟ್ಟು ಮೊಮ್ಮಗಳ ಹುಟ್ಟಿನ ಲಯಕ್ಕೇ ಬೀಳುತ್ತಿತ್ತು. ಇಷ್ಟು ಹೊತ್ತಿನಲ್ಲಿ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ ಇಟ್ಟುಕೊಂಡು ಹೋಗುವ ಪ್ರವಾಸಗಳ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಈ ನದಿಗೆ ಅದು ಹೊಂದುವುದಿಲ್ಲ. ಇಲ್ಲಿ ವೇಗವನ್ನು ಮೊದಲೇ ಚಂದ್ರ ಗೊತ್ತುಮಾಡಿಟ್ಟಿದ್ದಾನೆ. ಉಬ್ಬರಕ್ಕಿಂತ ಮುಂದೆ ಓಡಿದವರು ಮೇಲಿನ ಕವಲುಗಳ ಬಾಯಿಯಲ್ಲಿ, ನೀರು ಇನ್ನೂ ಬರದ ಕೆಸರಿನ ಎದುರು ಕಾಯುತ್ತ ಕೂರಬೇಕಾಗುತ್ತದೆ ಅಷ್ಟೆ.

ಐಗಳಕುರ್ವೆ ಹೊಳೆಯ ನಡುವಿನ ಊರು. ಅದರ ಸುತ್ತಲೂ, ಎದುರಿನ ದಡಗಳ ಉದ್ದಕ್ಕೂ ಇರುವುದು ಗಜನಿ ಗದ್ದೆಗಳು. ಹೊಳೆಗೂ ಗದ್ದೆಗೂ ನಡುವೆ ಮಣ್ಣು ಮತ್ತು ಕಲ್ಲಿನ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಗಳನ್ನು ಇಳಿಸಿ ಎತ್ತಿ ನೀರನ್ನು ಒಳಗೆ ಬಿಡುವ, ತಡೆಯುವ, ಹೊರಗೆ ಹರಿಸುವ ಜಂತ್ರಡಿಗಳು. ಮಳೆಗಾಲದಲ್ಲಿ ಹೊಳೆಯ ನೀರೆಲ್ಲ ಸಿಹಿಯಾಗಿ, ಗದ್ದೆಯ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಎದೆಮಟ್ಟ ಬೆಳೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಸಾಯದ, ಉಪ್ಪನ್ನು ತಡೆದುಕೊಳ್ಳುವ ಈ ತಳಿಗೆ ಗೊಬ್ಬರ ಬೇಡ, ಔಷಧಿ ಬೇಡ. ತೆನೆಯನ್ನಷ್ಟೇ ಕೊಯ್ದು ತೆಗೆದುಕೊಂಡು ಉಳಿದ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಉಬ್ಬರದ ಉಪ್ಪುನೀರನ್ನು ಒಳಗೆ ಬಿಟ್ಟರೆ ಆ ಹುಲ್ಲು ಕೊಳೆತು, ನೀರಿನ ಜೊತೆ ಬಂದ ಮೀನುಮರಿಗಳಿಗೂ ಶೆಟ್ಲಿಗೂ (ಸೀಗಡಿಗೂ) ಅದೇ ಆಹಾರವಾಗುತ್ತದೆ. ಆರು ತಿಂಗಳು ಭತ್ತದ ಗದ್ದೆ, ಆರು ತಿಂಗಳು ಮೀನಿನ ಕೆರೆ. ಮಾಣಿಕಟ್ಟೆಯಂಥ ಊರುಗಳು ಇಂದಿಗೂ ಕಗ್ಗದ ಬೀಜವನ್ನು ಉಳಿಸಿಕೊಂಡು ಬಂದಿವೆ, ಆದರೆ ಬಿತ್ತನೆಯ ವಿಸ್ತಾರ ಮೊದಲಿನಷ್ಟಿಲ್ಲ. ವರ್ಷವಿಡೀ ಶೆಟ್ಲಿ ಬೆಳೆಯುವ ಆಸೆಗೆ ಎಷ್ಟೋ ಗಜನಿಗಳು ಭತ್ತವನ್ನು ಮರೆತವು. ಆ ನಷ್ಟವನ್ನು ನಾನು ಸಣ್ಣದೆಂದು ಎಣಿಸಲಾರೆ.

ಒಂದು ಜಂತ್ರಡಿಯ ಎದುರು ನಾವು ಬಹಳ ಹೊತ್ತು ನಿಂತೆವು. ಉಬ್ಬರದ ನೀರು ಹಲಗೆಗಳ ಸಂದಿನಿಂದ ಗದ್ದೆಯೊಳಗೆ ನುಗ್ಗುತ್ತಿತ್ತು. ಬಾಗಿಲಿನ ಎರಡೂ ಬದಿಯ ಕಲ್ಲಿನ ಮೇಲೆ ನೀರು ತಾಗುವ ಎತ್ತರದವರೆಗೆ ಸಿಂಪಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಅವುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುವುದರಿಂದ ಕೈಯೂರಬಾರದೆಂದು ಯುವಕರು ಎಚ್ಚರಿಸಿದರು. ಅದರ ಕೆಳಗೆ ಇನ್ನೂ ಮುಳುಗದೆ ಉಳಿದಿದ್ದ ಒಂದು ಮಾರಿನಷ್ಟು ಕೆಸರಿನಲ್ಲಿ ಬೆರಳುದ್ದದ ಕಂದು ಮೀನುಗಳು, ನೀರಿನ ಹೊರಗೆ, ಎದೆಯ ರೆಕ್ಕೆಗಳನ್ನೇ ಮೊಣಕೈಯಂತೆ ಊರಿಕೊಂಡು ಸರಿದಾಡುತ್ತಿದ್ದವು. ಕಣ್ಣುಗಳು ತಲೆಯ ಮೇಲೆ ಉಬ್ಬಿಕೊಂಡಿದ್ದವು. ಎರಡು ಮೀನುಗಳು ಎದುರೆದುರಾದಾಗ ಬೆನ್ನಿನ ರೆಕ್ಕೆಯನ್ನು ಹಾಯಿಯಂತೆ ಥಟ್ಟನೆ ಬಿಚ್ಚಿ, ಒಂದು ಕ್ಷಣ ಬಾಯಿ ತೆರೆದು ನಿಂತು, ಚಿಕ್ಕದು ಹಿಂದೆ ಸರಿಯಿತು. ನೀರು ಏರಿಬಂದಂತೆ ಅವು ಈಜಿ ಹೋಗುವ ಬದಲು ಕಾಂಡ್ಲಾದ ಬೇರಿನ ಮೇಲೆ ಹತ್ತಿ ಕುಳಿತವು. ಮೊಮ್ಮಗಳು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಆ ಕೆಸರು ಪೂರ್ತಿ ಮುಳುಗುವವರೆಗೂ ಅಲುಗಾಡಲಿಲ್ಲ. ಅವಳಿಂದಾಗಿ ನಾವೂ ಅಲುಗಾಡಲಿಲ್ಲ.

ಕಾಂಡ್ಲಾದ ಬಗ್ಗೆ ಇಲ್ಲಿಯೇ ಹೇಳಬೇಕು. ಕಾಂಡದ ಮಧ್ಯದಿಂದಲೇ ಬಿಲ್ಲಿನಂತೆ ಬಾಗಿ ಇಳಿದ ಬೇರುಗಳ ಮೇಲೆ ನಿಂತ ಮರಗಳು ಹೊಳೆಯ ಅಂಚಿನಲ್ಲಿ. ಅವುಗಳ ಹಿಂದೆ, ಕೆಸರಿನಿಂದ ಉಸಿರು ಬೇರುಗಳನ್ನು ಮೇಲಕ್ಕೆ ಚಾಚಿದ ಇನ್ನೊಂದು ಜಾತಿ. ದಡದ ಅಂಚಿನಲ್ಲಿ ಮುಳ್ಳೆಲೆಯ ಹೊಳೆಚುಳ್ಳಿ. ಮೊದಲನೆಯದರ ಬೀಜ ಮರದ ಮೇಲಿದ್ದಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯಷ್ಟು ಉದ್ದವಾಗಿ ಜೋತಾಡುವ ಆ ಮೊಳಕೆ ತಾಯಿಮರದಿಂದ ಕಳಚಿ ಬಿದ್ದಾಗ ಇಳಿತವಿದ್ದರೆ ಕೆಳಗಿನ ಕೆಸರಿನಲ್ಲೇ ನಾಟಿಕೊಳ್ಳುತ್ತದೆ, ಉಬ್ಬರವಿದ್ದರೆ ತೇಲುತ್ತ ಹೋಗಿ ಇನ್ನೆಲ್ಲೋ ಬೇರೂರುತ್ತದೆ. ಅಂಥ ಒಂದು ಮೊಳಕೆ ನೆಟ್ಟಗೆ ನಿಂತುಕೊಂಡೇ, ತುದಿಯನ್ನಷ್ಟೇ ನೀರಿನ ಮೇಲೆ ತೋರಿಸುತ್ತ, ನಮ್ಮ ಗುಂಪಿನ ನಡುವೆ ನಮ್ಮದೇ ವೇಗದಲ್ಲಿ ಬಹಳ ದೂರ ಬಂತು. ಗಜನಿಯ ಕಟ್ಟೆಗಳ ಹೊರಮೈಯಲ್ಲಿ ಅರಣ್ಯ ಇಲಾಖೆ ಸಾಲಾಗಿ ನೆಡಿಸಿದ ಗಿಡಗಳು ಈಗ ತಲೆಯ ಮೇಲೆ ನೆರಳು ಮಾಡುವಷ್ಟು ಬೆಳೆದಿವೆ. ಕಟ್ಟೆಗೆ ಬಡಿಯುವ ಅಲೆಯ ಪೆಟ್ಟನ್ನು ಅವು ತಿನ್ನುತ್ತವೆ. ಬೇರಿನ ಸಂದುಗಳು ಮೀನುಮರಿಗಳಿಗೆ ತೊಟ್ಟಿಲಾಗಿವೆ.

ದೀವಗಿಯ ಹೆದ್ದಾರಿ ಸೇತುವೆಯ ಕೆಳಗೆ ಹಾಯುವಾಗ ಮೇಲೆ ಲಾರಿಗಳು ಹೋಗುವ ಗುಡುಗು ಕಂಬಗಳ ನಡುವೆ ಪ್ರತಿಧ್ವನಿಸಿತು. ಅಲ್ಲಿಂದ ಮುಂದೆ ನದಿ ಕಿರಿದಾಗುತ್ತದೆ, ಗುಡ್ಡಗಳು ಹತ್ತಿರ ಬರುತ್ತವೆ, ತೆಂಗಿನ ತೋಟಗಳ ನಡುವೆ ಮನೆಗಳ ಹಂಚು ಕಾಣುತ್ತದೆ. ಉತ್ತರ ದಡದ ಮಿರ್ಜಾನಿನಲ್ಲಿ ಕೋಟೆಯಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಈ ಸೀಮೆಯ ಹೊಳೆಗಳ ಮೂಲಕವೇ ಕಡಲಿಗೆ ಇಳಿಯುತ್ತಿತ್ತು. ಇನ್ನೂ ಮೇಲಿರುವುದು ಉಪ್ಪಿನಪಟ್ಟಣ. ನಮ್ಮ ಅಣ್ಣ ಚಿಕ್ಕವರಿದ್ದಾಗ ದೊಡ್ಡ ದೋಣಿಗಳು ಉಬ್ಬರ ಹಿಡಿದು ಸರಕು ಹೇರಿಕೊಂಡು ಅಲ್ಲಿಯವರೆಗೆ ಹೋಗಿ, ಇಳಿತ ಹಿಡಿದು ಮರಳುತ್ತಿದ್ದವಂತೆ. ಗಾಳಿ ಎದುರಾದ ದಿನ ಅವರ ತಂದೆ ಗಳ ಊರಿ ದೋಣಿ ತಳ್ಳುತ್ತಿದ್ದರಂತೆ. ನಾವು ವಿಹಾರಕ್ಕೆಂದು ಆರಿಸಿಕೊಂಡ ವೇಳಾಪಟ್ಟಿ ಅವರ ಮನೆತನದವರಿಗೆ ತಲೆತಲಾಂತರದ ದುಡಿಮೆಯ ವೇಳಾಪಟ್ಟಿಯಾಗಿತ್ತು ಎಂಬುದು ಆ ಮಾತಿನಿಂದ ನನಗೆ ಹೊಳೆಯಿತು, ಮತ್ತು ಅಲ್ಲಿಂದ ಮುಂದೆ ಆ ದಿನವನ್ನು ನಾನು ನೋಡಿದ ಬಗೆಯೇ ಸ್ವಲ್ಪ ಬದಲಾಯಿತು.

ಮಾವಿನ ಮರವೊಂದರ ಕೆಳಗೆ ಊಟಕ್ಕೆ ಹತ್ತಿದೆವು. ಚಪಾತಿ, ಅವಲಕ್ಕಿ ಮೊಸರು, ಶಿರಸಿಯವರು ತಂದ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲ ಪಾನಕ. ಅಣ್ಣನ ಮನೆಯಿಂದ ಬಂದ ಕಗ್ಗದ ಅಕ್ಕಿಯ ಗಂಜಿ. ದಪ್ಪ ಕಾಳಿನ, ಕೆಂಪು ಬಣ್ಣದ, ಹಲ್ಲಿಗೆ ಸಿಕ್ಕುವ ಆ ಅನ್ನಕ್ಕೆ ಸಾಣಿಕಟ್ಟೆಯ ಹರಳುಪ್ಪನ್ನು ಹಾಕಿಕೊಂಡು ಉಂಡೆವು. ಸಾಣಿಕಟ್ಟೆ ಇದೇ ಅಳಿವೆಯ ಕೆಳಭಾಗದಲ್ಲಿ, ಗೋಕರ್ಣದ ಹತ್ತಿರ ಇದೆ. ಅಲ್ಲಿ ಉಬ್ಬರದ ನೀರನ್ನೇ ಅಗರಗಳಿಗೆ ಹಾಯಿಸಿ ಬಿಸಿಲಿನಲ್ಲಿ ಉಪ್ಪು ಬೆಳೆಯುತ್ತಾರೆ. ಅಪ್ಪೆಮಿಡಿ ಘಟ್ಟದ ಮೇಲಿನ ಹೊಳೆದಂಡೆಯದು, ಉಪ್ಪು ಕಡಲಿನ ಬದಿಯದು, ಅಕ್ಕಿ ಎರಡರ ನಡುವಿನದು. ಒಂದೇ ನದಿಯ ಮೂರು ಭಾಗಗಳು ಒಂದೇ ತಟ್ಟೆಯಲ್ಲಿದ್ದವು.

ನೀರು ನಿಂತಿತ್ತು. ಉಬ್ಬರ ತುಂಬಿ ಇಳಿತ ಶುರುವಾಗುವ ನಡುವಿನ ಆ ಹೊತ್ತಿನಲ್ಲಿ ಹೊಳೆಯ ಮೇಲೆ ಬಿದ್ದ ಎಲೆ ಯಾವ ಕಡೆಗೂ ಹೋಗುವುದಿಲ್ಲ. ಯಾರೋ ಹೊರಡೋಣವೇ ಎಂದು ಕೇಳಿದಾಗ ಅಣ್ಣ ನೀರಿನ ಕಡೆ ಒಮ್ಮೆ ನೋಡಿ, “ನೀರು ತಿರುಗೂಕೆ ಇನ್ನೂ ಹೊತ್ತಿದೆ ತಂಗಿ, ಕೂತ್ಕೊಳ್ಳಿ” ಎಂದರು. ಕೂತೆವು. ಕೆಲವರು ನಿದ್ದೆ ಹೋದರು. ಎದುರು ದಡದ ಒಣಗಿದ ಕೊಂಬೆಯ ಮೇಲೆ ಗರುಡವೊಂದು ರೆಕ್ಕೆ ಬಿಡಿಸಿ ಬಿಸಿಲು ಕಾಯುತ್ತಿತ್ತು. ನೀರುಕಾಗೆಗಳು ಮುಳುಗಿದಲ್ಲಿ ಏಳದೆ ಬೇರೆಲ್ಲೋ ಏಳುತ್ತಿದ್ದವು.

ಆ ಬಿಡುವಿನಲ್ಲಿ ಮಾತು ಶರಾವತಿಯ ಕಡೆಗೆ ತಿರುಗಿತು. ಕುಮಟಾದ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯೂ ಹೀಗೆಯೇ ವಿಶಾಲವಾಗಿ, ಶಾಂತವಾಗಿ ಕಡಲು ಸೇರುತ್ತದೆ. ಕಯಾಕ್ ಅಲ್ಲಿಯೂ ಚೆನ್ನಾಗಿ ಸಾಗುತ್ತದೆ. ಆದರೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಮತ್ತು ಗೇರುಸೊಪ್ಪೆಯಲ್ಲಿ ಅಣೆಕಟ್ಟುಗಳಿವೆ. ವಿದ್ಯುತ್ ತಯಾರಿಸಿದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲಿಯೂ ಬರುತ್ತಲೇ ಇರುವುದರಿಂದ ಅಲ್ಲಿಯ ಅಳಿವೆಗೆ ಮೊದಲಿನ ಉಪ್ಪು ಇಲ್ಲ, ಉಪ್ಪಿಲ್ಲದ್ದರಿಂದ ಬಳಚು ಎಂಬ ಚಿಪ್ಪುಮೀನು ಇಲ್ಲವಾಗುತ್ತ ಬಂತು. ಅಘನಾಶಿನಿಗೆ ಅಡ್ಡಲಾಗಿ ಅಂಥ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಕೆಂಪಾಗಿ, ಸಿಹಿಯಾಗಿ ಹರಿಯುವ ನೀರು ಚಳಿಗಾಲದಲ್ಲಿ ಸಪ್ಪೆಯುಪ್ಪಾಗಿ, ಬೇಸಿಗೆಗೆ ಕಡಲಿನಷ್ಟೇ ಉಪ್ಪಾಗುವ ಈ ಚಕ್ರ ಇಲ್ಲಿ ಇನ್ನೂ ಮುರಿದಿಲ್ಲ. ಹುಟ್ಟಿನ ಹನಿ ಸಿಡಿದು ತುಟಿಗೆ ತಾಗಿದಾಗಲೇ ಅದು ತಿಳಿಯುತ್ತದೆ: ಹೆಗಡೆಯಲ್ಲಿ ಸಿಡಿದ ಹನಿಗೂ ಊಟದ ಜಾಗದಲ್ಲಿ ಸಿಡಿದ ಹನಿಗೂ ರುಚಿಯಲ್ಲಿ ಸ್ಪಷ್ಟ ವ್ಯತ್ಯಾಸವಿತ್ತು. ಈ ನದಿಯ ನೀರನ್ನು ಬಯಲುಸೀಮೆಯ ವೇದಾವತಿಗೆ ಜೋಡಿಸುವ ಪ್ರಸ್ತಾವಕ್ಕೆ ಜಿಲ್ಲೆಯಲ್ಲಿ ಏಕೆ ಅಷ್ಟು ವಿರೋಧವಿದೆ ಎಂದು ಕೇಳುವವರನ್ನು ನಾನು ಒಂದು ದಿನ ಈ ನೀರಿನ ಮೇಲೆ ಕರೆದುಕೊಂಡು ಹೋಗಲು ಸಿದ್ಧಳಿದ್ದೇನೆ. ಕಡಲಿಗೆ ಹೋದ ಸಿಹಿನೀರು ವ್ಯರ್ಥ ಎಂಬ ಮಾತು ದಡದಿಂದ ದೂರವಿದ್ದಾಗ ಮಾತ್ರ ಒಪ್ಪಿಗೆಯಾಗುವಂಥದ್ದು.

ಇಳಿತ ಶುರುವಾದದ್ದನ್ನು ಮೊದಲು ಕಂಡವರೂ ಅಣ್ಣನೇ. ದಡದ ಕಲ್ಲಿನ ಮೇಲೆ ಒಂದು ಬೆರಳಿನಷ್ಟು ಒದ್ದೆಯ ಗೆರೆ ಕಾಣಿಸಿಕೊಂಡಿತ್ತು. ಬರುವಾಗ ಎದುರಾದ ಗಾಳಿ ಕಡಲಿನದು, ಬೆಳಗಿನದಕ್ಕಿಂತ ಬಲವಾದದ್ದು. ಸೇತುವೆ ದಾಟಿದ ಮೇಲಿನ ವಿಸ್ತಾರದಲ್ಲಿ ಕಯಾಕಿನ ಮೂತಿಗೆ ಅಲೆ ಬಡಿದು ಮೈಯೆಲ್ಲ ನೆನೆಯಿತು. ಆಗಲೂ ನಿಯಮ ಅದೇ. ಹಿರಿಯರು ಮುಂದೆ, ಅವರ ಎರಡೂ ಬದಿಗೆ ಒಬ್ಬೊಬ್ಬ ಯುವಕ, ಉಳಿದವರು ಹಿಂದೆ. ದಣಿದವರನ್ನು ಅಣ್ಣ ತಮ್ಮ ದೋಣಿಗೆ ಹತ್ತಿಸಿಕೊಂಡು ಅವರ ಕಯಾಕನ್ನು ಹಗ್ಗ ಕಟ್ಟಿ ಎಳೆದರು. ಯಾರೂ ಅದನ್ನು ಅವಮಾನವೆಂದು ತಿಳಿಯಲಿಲ್ಲ.

ಐಗಳಕುರ್ವೆಯ ಹತ್ತಿರ ಬರುವಷ್ಟರಲ್ಲಿ ಬೆಳಿಗ್ಗೆ ನಾವು ನಡುನೀರು ಎಂದುಕೊಂಡು ದಾಟಿದ ಜಾಗದಲ್ಲಿ ಮರಳುದಿಬ್ಬ ಎದ್ದಿತ್ತು, ಮತ್ತು ಅದರ ಸುತ್ತ ಜನ ಇದ್ದರು. ಎದೆಮಟ್ಟ ನೀರಿನಲ್ಲಿ ಹೆಂಗಸರು ನಿಂತು ಬಳಚು ಹೆಕ್ಕುತ್ತಿದ್ದರು. ಕಾಲಿನ ಬೆರಳಿನಿಂದ ಮರಳನ್ನು ತಡಕಿ, ಚಿಪ್ಪು ಸಿಕ್ಕಿದ ಕೂಡಲೇ ಉಸಿರು ಹಿಡಿದು ಮುಳುಗಿ, ಎರಡೂ ಕೈಯಲ್ಲಿ ಬಾಚಿ ಎದ್ದು, ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ತೇಲುವ ಬುಟ್ಟಿಗೆ ಹಾಕುತ್ತಿದ್ದರು. ಉಪ್ಪು ಕಡಿಮೆಯಿರುವ ಈ ಮೇಲ್ಭಾಗದಲ್ಲಿ ಕಪ್ಪು ಚಿಪ್ಪಿನ ಬಳಚು ಹೆಚ್ಚು. ಅಳಿವೆಯ ಬಾಯಿಯ ಕಡೆಗೆ ಹೋದಂತೆ ಬಿಳಿಯದು. ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ. ಇಳಿತದ ಕೆಲವು ಗಂಟೆಗಳೇ ಅವರ ದುಡಿಮೆಯ ಸಮಯ. ಅದು ನಡುಮಧ್ಯಾಹ್ನಕ್ಕೆ ಬರಲಿ, ಚಳಿಯ ನಸುಕಿಗೆ ಬರಲಿ, ಆ ಹೊತ್ತಿಗೆ ನೀರಿಗಿಳಿಯಲೇಬೇಕು.

ನಮ್ಮ ಬಣ್ಣ ಬಣ್ಣದ ಕಯಾಕುಗಳು ಅವರ ನಡುವೆ ಹಾಯಬೇಕಾಗಿತ್ತು. ಅವರಲ್ಲಿ ಹಿರಿಯಳೊಬ್ಬಳು ತಲೆಯ ಮೇಲಿನ ನೀರು ಒರೆಸಿಕೊಂಡು ಕೈ ಎತ್ತಿ ನನಗೆ, “ತಂಗಿ, ಆ ಬದಿಗೆ ಹೋಗಬೇಡಿ, ಬಲೆ ಕಟ್ಟಿದ್ದಾರೆ” ಎಂದಳು. ನೋಡಿದರೆ ನೀರಿನ ಮೇಲೆ ಬರಿಯ ಎರಡು ಕೋಲಿನ ತುದಿಗಳು. ಹುಟ್ಟಿನ ಅಲಗು ಅದಕ್ಕೆ ಸಿಕ್ಕಿದರೆ ನಮಗೆ ಐದು ನಿಮಿಷದ ತೊಂದರೆ, ಬಲೆಯವರಿಗೆ ಆ ದಿನದ ಗಳಿಕೆಯೇ ಹಾಳು. ಗುಂಪಿನಲ್ಲಿ ಮೊಬೈಲ್ ಎತ್ತಿದವರಿಗೆ ನಮ್ಮ ಯುವಕರು ಮೆಲ್ಲಗೆ, ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡುತ್ತಿರುವ ಹೆಂಗಸರ ಫೋಟೋ ಬೇಡವೆಂದರು. ಅದನ್ನು ಹೇಳಬೇಕಾಗಿ ಬಂದುದಕ್ಕೆ ಬೇಸರವಾದರೂ ಹೇಳಿದ ರೀತಿ ಹಿಡಿಸಿತು. ಶಾಂತವಾದ ಹೊಳೆ ಎಂದರೆ ಯಾರೂ ಇಲ್ಲದ ಹೊಳೆ ಎಂದು ಭಾವಿಸಿ ಬರುವ ಗುಂಪುಗಳು ಹೆಚ್ಚುತ್ತಿವೆ. ಸಂಗೀತದ ಪೆಟ್ಟಿಗೆ ಹೊತ್ತು ತರುವವರೂ ಇದ್ದಾರೆ. ಇದು ಅಂಬಿಗ, ಹರಿಕಂತ, ಹಾಲಕ್ಕಿ ಸಮುದಾಯದವರ ಗದ್ದೆಯೂ ಅಂಗಳವೂ ಆಗಿದೆ. ಅವರ ಅಂಗಳವನ್ನು ಹಾಯ್ದು ಹೋಗುವ ನಾವು ನಿಧಾನವಾಗಿ, ಸದ್ದಿಲ್ಲದೆ, ಅವರು ತೋರಿಸಿದ ಬದಿಯಿಂದ ಹೋಗುವುದು ಸೌಜನ್ಯದ ಮೊದಲ ಪಾಠವೆಂದೇ ನನ್ನ ಎಣಿಕೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. 2022ರಲ್ಲಿ ಸೇರಿದ ರಂಗನತಿಟ್ಟಿನ ನಂತರ, ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಜೊತೆಯಲ್ಲಿ ಕರ್ನಾಟಕಕ್ಕೆ ಸಿಕ್ಕ ಗೌರವ ಅದು. ಒಂದು ಕಾಲದಲ್ಲಿ ಇದೇ ಅಳಿವೆಯ ಬಾಯಿಯಲ್ಲಿರುವ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಬಂದು, ಜನರ ವಿರೋಧದ ನಡುವೆ ಕೈಬಿಟ್ಟುಹೋದುದನ್ನು ನೆನೆದರೆ ಆ ಪಟ್ಟಿಯ ಬೆಲೆ ತಿಳಿಯುತ್ತದೆ. ಕಯಾಕ್ ನಡೆಸುವ ಯುವಕರಿಗೆ ಇದರಿಂದ ಕೆಲಸ ಹೆಚ್ಚಿದರೆ ನನಗೆ ಸಂತೋಷ, ಏಕೆಂದರೆ ಅವರು ಈ ನೀರಿನವರೇ. ಆದರೆ ಮೋಟಾರು ಹಚ್ಚಿದ ವೇಗದ ದೋಣಿಗಳು ಇಲ್ಲಿಗೆ ಬರಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವು ಎಬ್ಬಿಸುವ ಅಲೆ ಗಜನಿಯ ಮಣ್ಣಿನ ಕಟ್ಟೆಯನ್ನು ಕೊರೆಯುತ್ತದೆ, ಬಳಚು ಹೆಕ್ಕುವವರ ಬುಟ್ಟಿಯನ್ನು ಮಗುಚುತ್ತದೆ.

ಹೆಗಡೆಯ ದಡ ಸೇರಿದಾಗ ನೀರು ಸಾಕಷ್ಟು ಇಳಿದಿತ್ತು. ಬೆಳಿಗ್ಗೆ ನೀರಿನಲ್ಲೇ ಹತ್ತಿದ್ದ ಕಯಾಕುಗಳನ್ನು ಈಗ ಮೊಣಕಾಲಿನವರೆಗೆ ಹೂಳುವ ಕೆಸರಿನಲ್ಲಿ ಇಬ್ಬಿಬ್ಬರು ಸೇರಿ ಹೊತ್ತು ತರಬೇಕಾಯಿತು. ಉಪ್ಪು ಕೂತರೆ ಹುಟ್ಟಿನ ಜೋಡಣೆ ಹಿಡಿದುಕೊಳ್ಳುತ್ತದೆಂದು ಬಾವಿಯ ನೀರು ಸೇದಿ ಎಲ್ಲವನ್ನೂ ತೊಳೆದೆವು. ಮೊಮ್ಮಗಳು ಮಳೆಗಾಲದಲ್ಲಿ ಕಗ್ಗ ಹಸಿರಾಗಿರುವಾಗ ಮತ್ತೆ ಬರೋಣವೆಂದಳು. ಆಗ ಹೊಳೆಯಲ್ಲಿ ಘಟ್ಟದ ಕೆಂಪು ನೀರು ಎಷ್ಟು ಬಲವಾಗಿ ಬರುತ್ತದೆಂದರೆ ಉಬ್ಬರದ ಮಾತೂ ನಡೆಯುವುದಿಲ್ಲ, ಕಯಾಕ್ ಇಳಿಸುವ ಕಾಲವಲ್ಲ ಅದು, ಎಂದರು ಅಣ್ಣ. ಮಳೆ ಹಿಂದೆ ಸರಿದು, ತೆನೆ ಕೊಯ್ಯುವ ಮುಂಚಿನ ಹುಣ್ಣಿಮೆಯ ಆಸುಪಾಸಿಗೆ ಬಂದರೆ ತಮ್ಮ ದೋಣಿಯಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಗಜನಿಯ ಕಟ್ಟೆಯುದ್ದಕ್ಕೂ ಕರೆದುಕೊಂಡು ಹೋಗುವುದಾಗಿ ಹೇಳಿದರು. ಹಿರಿಯರು ಅಲ್ಲಿಯೇ ಚೀಲದಿಂದ ಹೊಸ ವರ್ಷದ ಕ್ಯಾಲೆಂಡರ್ ತೆಗೆದು ಪುಟ ತಿರುಗಿಸಿ, ಆಶ್ವಯುಜದ ಹುಣ್ಣಿಮೆ ಯಾವ ವಾರ ಬೀಳುತ್ತದೆಂದು ನೋಡತೊಡಗಿದರು.